ಆರು ಚೀಲ ಗಾಳಿಯ ಮೇಲೊಂದು ಮನೆ

ಪುಟ್ಟೇನಹಳ್ಳಿಯಲ್ಲಿ ಸಮತಟ್ಟಾದ ಜಾಗ ನೋಡಬೇಕೆಂದರೆ ಕೆರೆಗೇ ಹೋಗಬೇಕು. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಕೊತ್ತನೂರು ದಿಣ್ಣೆ ರಸ್ತೆಯಲ್ಲಿ ಬ್ರೇಕು ಸರಿಯಿಲ್ಲದ ಸೈಕಲ್ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆ.ಪಿ. ನಗರ ಏಳನೇ ಹಂತದ ಈ ಮೂಲೆಯಲ್ಲಿ ನಾವು ಮೂವತ್ತು-ನಲವತ್ತರ ಸೈಟು ಕೊಂಡಾಗ ರಸ್ತೆ ಬದಿಗಿಂತ ಹಿತ್ತಲು ಒಂದೂವರೆ ಅಡಿ ತಗ್ಗಿನಲ್ಲಿತ್ತು. ಮೇಸ್ತ್ರಿ ಉದ್ದನೆಯ ಪ್ಲಾಸ್ಟಿಕ್ ಟ್ಯೂಬಿಗೆ ನೀರು ತುಂಬಿ, ಒಂದು ತುದಿಯನ್ನು ತಾನು ಹಿಡಿದು ಇನ್ನೊಂದನ್ನು ನನ್ನ ಕೈಗೆ ಕೊಟ್ಟು, ಪಾಯದ ನಾಲ್ಕು ಮೂಲೆಗೂ ಪೆನ್ಸಿಲ್ ಗುರುತು ಹಾಕಿದ. ಗೃಹಪ್ರವೇಶ ಮುಗಿದ ಮೇಲೆ ಅವನು ಬಿಟ್ಟುಹೋದ ಸಾಮಾನುಗಳಲ್ಲಿ ಒಂದು ರಸಮಟ್ಟವೂ ಇತ್ತು. ಹೇಳಿ ಕಳಿಸಿದೆ, ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಅದು ಮುಂದೆ ಟೆಕ್ಸಾಸ್ ನೋಡಿಕೊಂಡು ಬಂತು.

ನನ್ನ ನೌಕರಿ ಬಸ್ಸಿನ ಕೆಳಗೆ. ಬೆಂಗಳೂರಿನ ಸಿಟಿ ಬಸ್ಸು ಇನ್ನೂ ಬಿಟಿಎಸ್ ಆಗಿದ್ದ ಕಾಲದಲ್ಲಿ ಮೆಕ್ಯಾನಿಕ್ ಆಗಿ ಸೇರಿದವನು, 1997ರಲ್ಲಿ ಅದು ಬಿಎಂಟಿಸಿ ಆದ ಮೇಲೂ ಅದೇ ಪಿಟ್ಟಿನಲ್ಲಿ ಅದೇ ಗ್ರೀಸು ಮೆತ್ತಿಕೊಂಡು ನಿಂತಿದ್ದೆ. ಆಗಿನ ಬಸ್ಸೆಂದರೆ ಕಮಾನು ಪಟ್ಟಿ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಯು-ಬೋಲ್ಟು ಬಿಗಿದರೆ ಸಸ್ಪೆನ್ಷನ್ ಮುಗಿಯಿತು. ಬಸ್ಸು ಖಾಲಿಯಿದ್ದರೆ ಪ್ರಯಾಣಿಕರ ಬೆನ್ನುಮೂಳೆ ಅಲುಗುತ್ತಿತ್ತು, ಜನ ತುಂಬಿದರೆ ಮೆತ್ತಗಾಗುತ್ತಿತ್ತು. ಪಟ್ಟಿ ಮುರಿದರೆ ದೂರದಿಂದಲೇ ಗೊತ್ತಾಗುತ್ತಿತ್ತು, ಬಸ್ಸು ಒಂದು ಭುಜ ಇಳಿಸಿಕೊಂಡು ಡಿಪೋ ಗೇಟಿನೊಳಗೆ ಬರುತ್ತಿತ್ತು.

2006ರಲ್ಲಿ ವೋಲ್ವೋ ಬಂತು. ದೂರದೂರಿಗೆ ಹೋಗುವ ಐರಾವತಗಳನ್ನು ನೋಡಿದ್ದೆವು, ಆದರೆ ಊರೊಳಗೆ ಓಡಾಡುವ ಬಸ್ಸಿಗೆ ಅಂಥ ಗಾಡಿ ಅಂತ ಯಾರೂ ಎಣಿಸಿರಲಿಲ್ಲ. ವಜ್ರ ಅಂತ ಹೆಸರಿಟ್ಟರು. ನಮ್ಮಲ್ಲಿ ಕೆಲವರನ್ನು ಹೊಸಕೋಟೆಯ ಕಾರ್ಖಾನೆಗೆ ತರಬೇತಿಗೆ ಕಳಿಸಿದರು. ಅಲ್ಲಿ ಪಿಟ್ಟಿಗಿಳಿದು ಮೇಲೆ ನೋಡಿದರೆ ಪಟ್ಟಿಯೇ ಇಲ್ಲ. ಮುಂದಿನ ಆಕ್ಸಲ್ ಮೇಲೆ ಎರಡು, ಹಿಂದಿನದರ ಮೇಲೆ ನಾಲ್ಕು, ಒಟ್ಟು ಆರು ಕಪ್ಪು ರಬ್ಬರ್ ಚೀಲಗಳು. ನಾವು ಬೆಲ್ಲೋ ಅನ್ನುತ್ತಿದ್ದೆವು. ಅಷ್ಟು ಟನ್ ತೂಕದ ಬಸ್ಸು, ಅದರೊಳಗಿನ ಜನ, ಅವರ ಲ್ಯಾಪ್‌ಟಾಪು, ಎಲ್ಲವೂ ಕೂತಿರುವುದು ಈ ಆರು ಚೀಲ ಗಾಳಿಯ ಮೇಲೆ.

ಗಾಳಿ ಚೀಲಕ್ಕಿಂತ ನನಗೆ ಹಿಡಿಸಿದ್ದು ಅದರ ಪಕ್ಕದಲ್ಲಿರುವ ಅಂಗೈ ಗಾತ್ರದ ಲೆವೆಲಿಂಗ್ ವಾಲ್ವು. ವಾಲ್ವು ಚಾಸಿಗೆ ಅಂಟಿಕೊಂಡಿರುತ್ತದೆ, ಅದರಿಂದ ಹೊರಟ ಒಂದು ಸಣ್ಣ ಸಲಾಕೆ ಆಕ್ಸಲಿಗೆ ಸೇರಿರುತ್ತದೆ. ಜನ ಹತ್ತಿದರು, ಬಾಡಿ ಕೆಳಗೆ ಕೂತಿತು, ಸಲಾಕೆ ಮೇಲಕ್ಕೆ ತಿರುಗಿತು, ವಾಲ್ವು ತೆರೆದು ಚೀಲಕ್ಕೆ ಗಾಳಿ ಹೋಯಿತು. ಜನ ಇಳಿದರು, ಬಾಡಿ ಎದ್ದಿತು, ಸಲಾಕೆ ಕೆಳಕ್ಕೆ ತಿರುಗಿತು, ಹೆಚ್ಚಿನ ಗಾಳಿ ಉಸ್ಸೆಂದು ಹೊರಗೆ ಹೋಯಿತು. ಕಂಪ್ಯೂಟರ್ ಬೇಡ, ಕರೆಂಟು ಬೇಡ. ಇಂಥ ವಾಲ್ವುಗಳು ಬಸ್ಸಿಗೆ ಮೂರೇ ಇರುತ್ತವೆ, ಮುಂದೆ ಒಂದು, ಹಿಂದೆ ಎಡಬಲಕ್ಕೆ ಒಂದೊಂದು. ಮೂಲೆ ನಾಲ್ಕಿರುವಾಗ ವಾಲ್ವು ಮೂರೇ ಏಕೆ ಅಂತ ನಾನು ಕೇಳಿದಾಗ ತರಬೇತಿ ಕೊಡುತ್ತಿದ್ದವರು ಉತ್ತರ ಹೇಳಲಿಲ್ಲ, ಮೂಲೆಯಲ್ಲಿದ್ದ ಮೂರು ಕಾಲಿನ ಸ್ಟೂಲನ್ನು ಎಳೆದು ಅದರ ಮೇಲೆ ಕೂತರು. ಮೂರು ಕಾಲಿನದು ಎಂಥ ನೆಲದ ಮೇಲೂ ಕುಂಟುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ವಾಲ್ವು ಇಟ್ಟರೆ ಒಂದು ಎತ್ತಿದ್ದನ್ನು ಇನ್ನೊಂದು ಇಳಿಸುತ್ತಾ, ನಡುವೆ ಸಿಕ್ಕ ಬಾಡಿಯನ್ನು ತಿರುಚುತ್ತಾ ಇರುತ್ತವೆ.

ಆ ಬಸ್ಸಿನಲ್ಲಿ ಡ್ರೈವರ್ ಕೈಗೆಟಕುವಂತೆ ಇನ್ನೂ ಒಂದು ಸ್ವಿಚ್ಚಿತ್ತು. ನಿಲ್ದಾಣದಲ್ಲಿ ಒತ್ತಿದರೆ ಬಾಗಿಲ ಬದಿಯ ಚೀಲಗಳಿಂದ ಗಾಳಿ ಇಳಿದು ಬಸ್ಸು ಆ ಬದಿಗೆ ಬಾಗುತ್ತಿತ್ತು. ಮಂಡಿ ನೋವಿನ ನಮ್ಮಮ್ಮ ಸಾಮಾನ್ಯ ಬಸ್ಸಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಸಂಜೆ ಪರಿಚಯದ ಡ್ರೈವರೊಬ್ಬ ಅವಳನ್ನು ಕಂಡು ಬಸ್ಸನ್ನು ಬಗ್ಗಿಸಿದ. ಅಮ್ಮ ಹಿಂದೆ ಸರಿದುಬಿಟ್ಟಳು, ಬಸ್ಸು ಮಗುಚಿ ಬೀಳುತ್ತಿದೆ ಅಂತ. ಕಂಡಕ್ಟರ್ ಕೈಹಿಡಿದು ಹತ್ತಿಸಿದ ಮೇಲೆ ದಾರಿಯುದ್ದಕ್ಕೂ ಪಕ್ಕದವರಿಗೆಲ್ಲ ಇದು ನನ್ನ ಮಗ ರಿಪೇರಿ ಮಾಡುವ ಬಸ್ಸು ಅಂತ ಹೇಳಿಕೊಂಡು ಬಂದಳು. ಬಾಗಿಸುವುದಕ್ಕಿದ್ದಂತೆ ಎತ್ತುವುದಕ್ಕೂ ಒಂದು ಸ್ವಿಚ್ಚಿತ್ತು. ಸ್ವೀಡನ್ನಿನವರು ಅದನ್ನು ಏಕೆ ಇಟ್ಟರೋ, ನಮ್ಮ ಡ್ರೈವರುಗಳು ಬಳಸುತ್ತಿದ್ದದ್ದು ರೋಡ್ ಹಂಪುಗಳಿಗೆ.

ನಾನು ರಿಟೈರಾದ ಮೇಲೆ, 2018ರಲ್ಲಿ, ಹ್ಯೂಸ್ಟನ್ ಹತ್ತಿರದ ಕೇಟಿ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೋದೆವು. ಅಳಿಯ ಒಂದು ಹಳೆಯ ಮೋಟಾರ್‌ಹೋಮ್ ಕೊಂಡಿದ್ದ. ಮೂವತ್ತಾರು ಅಡಿ ಉದ್ದ, ಹಿಂದೆ ಡೀಸೆಲ್ ಎಂಜಿನ್, ಒಳಗೆ ಮಂಚ, ಒಲೆ, ಫ್ರಿಜ್ಜು, ಸ್ನಾನದ ಮನೆ. ಫೋನಿನಲ್ಲೇ ಅದಕ್ಕೆ ಏರ್ ಲೆವೆಲಿಂಗ್ ಇದೆ ಅಂತ ಅವನು ಹೇಳಿದ್ದ. ಆದ್ದರಿಂದಲೇ ನಾನು ಸೂಟ್‌ಕೇಸಿಗೆ ರಸಮಟ್ಟ ಹಾಕಿದ್ದು. ಆ ಜಾಗದಲ್ಲಿ ಒಂದು ಕೇಜಿ ಚಟ್ನಿಪುಡಿ ಹಿಡಿಯುತ್ತಿತ್ತು ಎಂಬುದು ನನ್ನ ಹೆಂಡತಿಯ ತಕರಾರು. ಅದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಹೋದ ಮರುದಿನವೇ ಹಳೇ ಬೆಡ್‌ಶೀಟು ಹಾಸಿ ಗಾಡಿಯ ಬದಿಯಲ್ಲಿ ಮಲಗಿ ಬ್ಯಾಟರಿ ಬಿಟ್ಟು ನೋಡಿದೆ. ಮುಂದೆ ಎರಡು, ಹಿಂದೆ ನಾಲ್ಕು. ಮೂರು ಲೆವೆಲಿಂಗ್ ವಾಲ್ವು. ಹದಿನೈದು ಸಾವಿರ ಕಿಲೋಮೀಟರು ದೂರ ಬಂದು ಬಂಧುವೊಬ್ಬನನ್ನು ನೋಡಿದ ಹಾಗಾಯಿತು. ಇಲ್ಲಿ ಹೆಚ್ಚಿಗೆ ಇದ್ದದ್ದು ಇನ್ನೊಂದು ವ್ಯವಸ್ಥೆ. ಆ ಮೂರು ವಾಲ್ವುಗಳನ್ನು ಬದಿಗಿಟ್ಟು, ಒಂದೊಂದು ಮೂಲೆಗೂ ಬೇರೆಯಾಗಿ ಗಾಳಿ ತುಂಬುವ, ಇಳಿಸುವ ಸೊಲೆನಾಯ್ಡುಗಳು. ಅವನ್ನು ಆಳುವುದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಪ್ಯಾನೆಲ್ಲು, ಪ್ಯಾನೆಲ್ಲಿನ ನಾಲ್ಕು ಬದಿಗೆ ನಾಲ್ಕು ಹಳದಿ ದೀಪ, ನಡುವೆ ಒಂದು ಹಸಿರು.

ಬಸ್ಸಿಗೆ ಇದು ಬೇಡ, ಮನೆಗೆ ಬೇಕು. ಏಕೆಂದು ಅಳಿಯನಿಗೆ ವಿವರಿಸಿದ್ದನ್ನೇ ಇಲ್ಲೂ ಹೇಳುತ್ತೇನೆ, ಅವನು ಆಕಳಿಸಿದ್ದನ್ನು ಬಿಟ್ಟು. ಬಸ್ಸಿನ ವಾಲ್ವು ಅಳೆಯುವುದು ಆಕ್ಸಲಿನಿಂದ ಬಾಡಿಗೆ ಎಷ್ಟು ಎತ್ತರ ಎಂಬುದನ್ನು. ರಸ್ತೆ ವಾಲಿದರೆ ಆಕ್ಸಲು ವಾಲುತ್ತದೆ, ಬಾಡಿಯೂ ಅಷ್ಟೇ ವಾಲುತ್ತದೆ, ವಾಲ್ವಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಓಡುವ ಗಾಡಿಗೆ ಅದೇ ಬೇಕಾದದ್ದು. ನಿಂತ ಗಾಡಿಯಲ್ಲಿ ಮಲಗುವವನಿಗೆ ರಸ್ತೆಯ ಸುದ್ದಿ ಏನಾಗಬೇಕು? ಅವನ ತಲೆ ಕಾಲಿಗಿಂತ ತಗ್ಗಬಾರದು, ಸ್ನಾನದ ನೀರು ತೂತಿನ ಕಡೆಗೇ ಹೋಗಬೇಕು. ಅದಕ್ಕೆ ಭೂಮಿಯ ಸೆಳೆತದಿಂದಲೇ ಅಳೆಯಬೇಕು, ಮೇಸ್ತ್ರಿಯ ನೀರಿನ ಟ್ಯೂಬು ಅಳೆದ ಹಾಗೆ. ಚೀಲಗಳು ಅವೇ, ಗಾಳಿಯೂ ಅದೇ, ಎಲ್ಲಿಂದ ಅಳೆಯುತ್ತೇವೆ ಎನ್ನುವುದಷ್ಟೇ ಬೇರೆ. ಇಡೀ ನೌಕರಿಯಲ್ಲಿ ಈ ಎರಡು ಮಟ್ಟಗಳನ್ನು ಬೇರೆ ಬೇರೆಯಾಗಿ ಯೋಚಿಸುವ ಅಗತ್ಯವೇ ನನಗೆ ಬಂದಿರಲಿಲ್ಲ.

ಫ್ರಿಜ್ಜಿನ ಸಂಗತಿ ಇನ್ನೂ ಸೊಗಸು. ಆ ಗಾಡಿಯ ಫ್ರಿಜ್ಜಿಗೆ ಕಂಪ್ರೆಸರ್ ಇರಲಿಲ್ಲ. 1922ರಲ್ಲಿ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬಿಬ್ಬರು ಸ್ಟಾಕ್‌ಹೋಮಿನಲ್ಲಿ ಓದುತ್ತಿದ್ದಾಗ ಕಂಡುಹಿಡಿದ ಬಗೆಯದು, ಗ್ಯಾಸಿನ ಉರಿಯಿಂದ ತಣ್ಣಗಾಗುವುದು. ಅದರೊಳಗೆ ಅಮೋನಿಯಾ ದ್ರಾವಣವನ್ನು ತಳ್ಳಲು ಪಂಪಿಲ್ಲ, ಅದು ಕೊಳವೆಯಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಗಾಡಿ ಹೆಚ್ಚು ವಾಲಿ ನಿಂತರೆ ದ್ರಾವಣ ಕೊಳವೆಯ ತಿರುವಿನಲ್ಲಿ ನಿಲ್ಲುತ್ತದೆ, ಉರಿ ಮಾತ್ರ ಉರಿಯುತ್ತಲೇ ಇರುತ್ತದೆ, ಕೊನೆಗೆ ಫ್ರಿಜ್ಜೇ ಹಾಳು. ಅಮೆರಿಕದ ಮೋಟಾರ್‌ಹೋಮಿನವರು ಮಟ್ಟದ ವಿಷಯದಲ್ಲಿ ಅಷ್ಟು ಮಡಿ ಮಾಡುವುದಕ್ಕೆ ಇದೂ ಒಂದು ಕಾರಣ.

ಆಗಸ್ಟ್ ಕೊನೆಯಲ್ಲಿ ಡಲ್ಲಾಸಿನಲ್ಲಿ ಅಮೆರಿಕದ ಕನ್ನಡ ಕೂಟಗಳ ಅಕ್ಕ ಸಮ್ಮೇಳನವಿತ್ತು. ಹೋಟೆಲ್ ಬೇಡ, ಮನೆಯನ್ನೇ ತೆಗೆದುಕೊಂಡು ಹೋಗೋಣ ಅಂತ ಹೊರಟೆವು. ಮೊದಲ ರಾತ್ರಿ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್ ಬಯಲಿನಲ್ಲಿ ಕಳೆದೆವು. ಕಣ್ಣಿಗೆ ಅದು ಕ್ರಿಕೆಟ್ ಪಿಚ್ಚಿನಷ್ಟು ಚಪ್ಪಟೆ. ಆದರೆ ಮಳೆ ನೀರು ಹರಿಯಲೆಂದು ಅಂಥ ಕಡೆ ಬೇಕೆಂದೇ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ನೂರಕ್ಕೆ ಎರಡು ಅಂತಿಟ್ಟುಕೊಂಡರೂ, ಆರು ಮೀಟರ್ ಅಂತರದ ಎರಡು ಆಕ್ಸಲುಗಳ ನಡುವೆ ಹನ್ನೆರಡು ಸೆಂಟಿಮೀಟರು. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅಳಿಯ ಗುಂಡಿ ಒತ್ತಿದ. ಮುಂದಿನ ಹಳದಿ ದೀಪ ಹತ್ತಿತು, ಅಂದರೆ ಮುಂದೆ ತಗ್ಗು. ಹಿಂದಿನ ಚೀಲಗಳು ಉಸಿರು ಬಿಟ್ಟವು, ಗಾಡಿ ಹಿಂದಕ್ಕೆ ಕೂತಿತು, ಮುಂದೆ ಒಂದಿಷ್ಟು ಎದ್ದಿತು. ಮಧ್ಯದಲ್ಲಿ ಸುಮ್ಮನಾಗಿ, ಮತ್ತೆ ಉಸ್ಸೆಂದು, ಎರಡು ನಿಮಿಷದಲ್ಲಿ ಹಸಿರು ದೀಪ. ನಾನು ಅಡುಗೆಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿದೆ. ಗುಳ್ಳೆ ಗೆರೆಗೆ ಒಂದು ಕೂದಲು ಆಚೆ. ಹೆಂಡತಿ ಅದನ್ನು ನಂಬಲಿಲ್ಲ. ಕಾವಲಿ ಕಾಯಿಸಿ ನಡುವೆ ಒಂದು ಚಮಚ ಎಣ್ಣೆ ಬಿಟ್ಟಳು, ಅದು ಎಲ್ಲಿಗೂ ಹೋಗದೆ ಅಲ್ಲೇ ದುಂಡಗೆ ಹರಡಿದ ಮೇಲೆ ದೋಸೆ ಹಿಟ್ಟು ಹೊರಗೆ ತೆಗೆದಳು.

ಎತ್ತುವುದಕ್ಕಿಂತ ಇಳಿಸಿ ಮಟ್ಟ ಮಾಡುವುದು ಒಳ್ಳೆಯದು. ಚೀಲದಲ್ಲಿ ಗಾಳಿ ಕಡಿಮೆಯಿದ್ದಷ್ಟೂ ಗಾಡಿ ಕುಲುಕುವುದು ಕಡಿಮೆ. ಆದರೂ ಗಾಳಿಯ ಮೇಲಿನ ಮನೆ ಪೂರ್ತಿ ಸುಮ್ಮನಿರುವುದಿಲ್ಲ. ರಾತ್ರಿ ಒಬ್ಬರು ಬಾತ್‌ರೂಮಿಗೆ ಎದ್ದರೆ ಉಳಿದ ಮೂವರಿಗೆ ಸುದ್ದಿ ತಲುಪುತ್ತದೆ. ಇದಕ್ಕಾಗಿಯೇ ಕೆಲವರು ನಾಲ್ಕು ಮೂಲೆಗೆ ಹೈಡ್ರಾಲಿಕ್ ಜಾಕಿ ಇರುವ ಗಾಡಿ ಬೇಕೆನ್ನುತ್ತಾರೆ. ಜಾಕಿ ನೆಲ ಕಚ್ಚಿ ಹಿಡಿದರೆ ಗಾಡಿ ಅಲ್ಲಾಡುವುದಿಲ್ಲ, ನಿಜ. ಮರಳಿನಲ್ಲಿ, ಕೆಸರಿನಲ್ಲಿ ಆ ಜಾಕಿಯೇ ಹೂತುಹೋಗುವುದೂ ನಿಜ. ನನ್ನನ್ನು ಕೇಳಿದರೆ ನಾನು ಗಾಳಿಯ ಪಕ್ಷ. ಬಸ್ಸಿನವನ ಪಕ್ಷಪಾತ ಅನ್ನಿ ಬೇಕಾದರೆ.

ಸಮ್ಮೇಳನದಲ್ಲಿ ಭಾಷಣ ಎಷ್ಟು ಕೇಳಿದೆವೋ, ಊಟ ಚೆನ್ನಾಗಿತ್ತು. ಅಲ್ಲಿಂದ ಪಶ್ಚಿಮಕ್ಕೆ ಹೊರಟು ಅಮರಿಲ್ಲೋ ಹತ್ತಿರದ ಪಾಲೋ ಡ್ಯೂರೋ ಕಣಿವೆಗೆ ಇಳಿದೆವು. ರಸ್ತೆ ನೂರಕ್ಕೆ ಹತ್ತರ ಇಳಿಜಾರು. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಕೂತವಳಾದರೂ ನನ್ನ ಹೆಂಡತಿ ಕೆಳಗೆ ತಲುಪುವವರೆಗೆ ಕಣ್ಣು ಬಿಡಲಿಲ್ಲ. ಕೆಂಪು ಬಂಡೆಗಳ ಕೆಳಗಿನ ಕ್ಯಾಂಪಿನಲ್ಲಿ ಪಕ್ಕದ ಜಾಗಕ್ಕೆ ಮುದುಕರೊಬ್ಬರು ತಮ್ಮ ಹಳೇ ಜಿಎಂಸಿ ಮೋಟಾರ್‌ಹೋಮ್ ತಂದು ನಿಲ್ಲಿಸಿದರು. 1973ರಿಂದ 78ರವರೆಗೆ ಮಾತ್ರ ತಯಾರಾದ ಗಾಡಿ ಅದು. ಎಂಜಿನ್ ಮುಂದೆ, ಶಕ್ತಿ ಮುಂದಿನ ಚಕ್ರಕ್ಕೆ. ಹಿಂದೆ ಪ್ರತಿ ಬದಿಯಲ್ಲೂ ಒಂದರ ಹಿಂದೊಂದು ಎರಡು ಚಕ್ರ, ಆ ಎರಡರ ನಡುವೆ ಅಡ್ಡಡ್ಡ ಮಲಗಿದ ಒಂದೇ ಒಂದು ಗಾಳಿ ಚೀಲ. ಹಿಂದೆ ಆಕ್ಸಲೇ ಇಲ್ಲದ್ದರಿಂದ ನೆಲಹಾಸು ಮಂಡಿಯೆತ್ತರಕ್ಕೆ ಬಂದುಬಿಟ್ಟಿತ್ತು. ಒಂದು ಗುಂಡಿ ಒತ್ತಿ ಗಾಡಿಯ ಹಿಂಭಾಗವನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ ತೋರಿಸಿದರು. ಅಮೆರಿಕದ ಬಸ್ಸುಗಳಿಗೆ ಗಾಳಿ ಸಸ್ಪೆನ್ಷನ್ ಐವತ್ತರ ದಶಕದಲ್ಲೇ ಬಂದಿತ್ತು, 1954ರ ಗ್ರೇಹೌಂಡ್ ಸೀನಿಕ್ರೂಸರಿನಲ್ಲೂ ಇತ್ತು ಅಂತ ಹೇಳಿ, ನಿಮ್ಮ ಕಡೆ ಯಾವಾಗ ಬಂತು ಅಂತ ಕೇಳಿದರು. ನಗರದ ಬಸ್ಸಿಗೆ 2006 ಅಂದೆ. ಅವರು ಮನಸ್ಸಿನಲ್ಲೇ ಕಳೆದು ನೋಡಿ, ಮರ್ಯಾದೆಗೆ ಏನೂ ಹೇಳಲಿಲ್ಲ.

ನನಗೆ ಕೆಲಸ ಬಿದ್ದದ್ದು ಅಲ್ಲಿಂದ ಮುಂದೆ, ಫೋರ್ಟ್ ಡೇವಿಸ್ ಹತ್ತಿರದ ಬೆಟ್ಟಗಳಲ್ಲಿ. ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ನಕ್ಷತ್ರ ನೋಡಿ ಬಂದು ಮಲಗಿದೆವು. ಬೆಳಿಗ್ಗೆ ಗಾಡಿ ಬಲಗಡೆ ಹಿಂದಕ್ಕೆ ವಾಲಿತ್ತು, ಹೆಂಡತಿಯ ಚಪ್ಪಲಿ ಮಂಚದಡಿಯ ಮೂಲೆ ಸೇರಿತ್ತು. ಅಳಿಯ ಚಳಿಗೆ ಗಾಳಿ ಕುಗ್ಗಿದೆ ಅಂದ. ಗಾಳಿ ಕುಗ್ಗುವುದು ಸರಿಯೇ. ಹಗಲು ಮೂವತ್ತೆರಡು ಡಿಗ್ರಿ, ಬೆಳಗಿನ ಜಾವ ಹದಿನಾರು ಅಂದರೆ ಚೀಲದೊಳಗಿನ ಗಾಳಿ ನೂರಕ್ಕೆ ಐದರಷ್ಟು ಕುಗ್ಗುತ್ತದೆ, ಒಂದು ಗೇಣು ಎತ್ತರದ ಚೀಲ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಆದರೆ ಚಳಿ ಆರೂ ಚೀಲಕ್ಕೆ ಒಂದೇ. ಎಲ್ಲ ಕಡೆ ಸಮನಾಗಿ ಇಳಿಯಬೇಕು. ಒಂದೇ ಮೂಲೆ ಇಳಿದಿದೆ ಎಂದರೆ ಅದು ಚಳಿಯಲ್ಲ, ಲೀಕು.

ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅಳಿಯ ಟಾರ್ಚು ಹಿಡಿದು ಗಾಡಿಯಡಿಗೆ ತೆವಳಲು ಹೊರಟಿದ್ದ. ನನ್ನ ಜೀವನದಲ್ಲಿ ಅಳಿಯನ ಕಾಲು ಹಿಡಿದು ಎಳೆದದ್ದು ಅದೊಂದೇ ಸಲ. ಕಮಾನು ಪಟ್ಟಿಯ ಬಸ್ಸಿನಡಿ ಮಲಗಿದರೆ ಪಟ್ಟಿ ನಿಮ್ಮನ್ನು ಕಾಯುತ್ತದೆ. ಗಾಳಿ ಚೀಲ ಹಾಗಲ್ಲ. ಪೈಪು ಕಳಚಿತೋ, ಯಾರೋ ಒಳಗೆ ಗುಂಡಿ ಒತ್ತಿದರೋ, ಒಂದೆರಡು ಕ್ಷಣದಲ್ಲಿ ಹತ್ತು ಟನ್ ಬಾಡಿ ಅಂಗೈಯಗಲ ಕೆಳಗೆ ಬಂದು ಕೂರುತ್ತದೆ. ಡಿಪೋದಲ್ಲಿ ಹೊಸ ಹುಡುಗರಿಗೆ ಸ್ಪ್ಯಾನರ್ ಹಿಡಿಯುವುದಕ್ಕೆ ಮುಂಚೆ ನಾವು ಕಲಿಸುತ್ತಿದ್ದ ಪಾಠ ಇದು: ಚಾಸಿಗೂ ಆಕ್ಸಲಿಗೂ ನಡುವೆ ಗಟ್ಟಿ ಮರದ ತುಂಡು ಇಟ್ಟ ಮೇಲೇ ಕೆಳಗೆ ತಲೆ. ಕ್ಯಾಂಪಿನ ಕಚೇರಿಯವರು ರೈಲ್ವೆ ಸ್ಲೀಪರಿನ ಎರಡು ತುಂಡು ಕೊಟ್ಟರು.

ಸೋಪಿನ ನೀರಿಗೆ ಲಿಪಿ ಬೇಡ, ಭಾಷೆ ಬೇಡ. ಪಾತ್ರೆ ತೊಳೆಯುವ ಸೋಪನ್ನು ಮಗ್ಗಿನಲ್ಲಿ ಕಲಸಿ, ಮಗಳ ಬಣ್ಣ ಹಚ್ಚುವ ಬ್ರಷ್ಷಿನಿಂದ ಒಂದೊಂದು ಜೋಡಣೆಗೂ ಬಳಿದೆ. ಚೀಲ ಗಟ್ಟಿಯಾಗಿತ್ತು. ಪೈಪಿನ ನಟ್ಟೂ ಸರಿಯಿತ್ತು. ಸೊಲೆನಾಯ್ಡು ಕೂತಿದ್ದ ಬುಡದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದು ಒಡೆಯುತ್ತಿದ್ದವು. ಬಿಚ್ಚಿದರೆ ವಯಸ್ಸಾಗಿ ಚಪ್ಪಟೆಯಾದ ಓ-ರಿಂಗು, ಜೊತೆಗೆ ಕಂದು ಬಣ್ಣದ ಜಿಡ್ಡು. ಆ ಜಿಡ್ಡನ್ನು ಕಂಡಕೂಡಲೇ ನಾನು ಕೇಳಿದ ಪ್ರಶ್ನೆ, ಏರ್ ಡ್ರೈಯರ್ ಬದಲಿಸಿ ಎಷ್ಟು ವರ್ಷವಾಯಿತು ಎಂದು. ಕಂಪ್ರೆಸರ್ ಎಳೆಯುವ ಗಾಳಿಯಲ್ಲಿ ತೇವವಿರುತ್ತದೆ. ಅದನ್ನು ಹೀರುವ ಹರಳುಗಳು ಡ್ರೈಯರಿನಲ್ಲಿರುತ್ತವೆ. ಹರಳು ಸತ್ತರೆ ತೇವ ಟ್ಯಾಂಕಿಗೆ, ಅಲ್ಲಿಂದ ವಾಲ್ವಿಗೆ. ಬೆಂಗಳೂರಿನ ಮಳೆಗಾಲದಲ್ಲಿ ಟ್ಯಾಂಕಿನ ಕೆಳಗಿನ ಡ್ರೈನ್ ಎಳೆದರೆ ನೀರು ಚಿಮ್ಮುತ್ತಿದ್ದದ್ದನ್ನು ನೋಡಿದವನು ನಾನು. ಅಳಿಯನಿಗೆ ಹಾಗೊಂದು ಡ್ರೈಯರ್ ಇದೆ ಎಂಬುದೇ ಹೊಸ ಸುದ್ದಿ. ಹತ್ತಿರದ ಆಲ್ಪೈನ್ ಪಟ್ಟಣದ ಬಿಡಿಭಾಗದ ಅಂಗಡಿಯಲ್ಲಿ ಅಳತೆಗೆ ಸರಿಯಾದ ಓ-ರಿಂಗು ಕೆಲವೇ ಸೆಂಟ್ಸಿಗೆ ಸಿಕ್ಕಿತು. ಹೋಗಿ ಬರಲು ಬಾಡಿಗೆ ಕಾರಿಗೆ ಅದರ ನೂರುಪಟ್ಟು.

ಹೊರಡುವ ದಿನದ ಕ್ರಮ ಮಾತ್ರ ಅಳಿಯ ಕೊನೆಗೂ ಕಲಿತ. ಎಂಜಿನ್ ಚಾಲೂ ಮಾಡಿ, ಟ್ಯಾಂಕಿನಲ್ಲಿ ಗಾಳಿ ನೂರಿಪ್ಪತ್ತು ಪಿಎಸ್‌ಐ ಹತ್ತಿರ ಬರುವವರೆಗೆ ಕಾದು, ಪ್ಯಾನೆಲ್ಲನ್ನು ಪ್ರಯಾಣಕ್ಕೆ ತಿರುಗಿಸಿ, ಮೂರು ವಾಲ್ವುಗಳಿಗೆ ಅಧಿಕಾರ ವಾಪಸ್ ಕೊಡುವುದು. ಗಾಡಿ ತನ್ನ ಎತ್ತರಕ್ಕೆ ಏಳುವ ಮುಂಚೆ ಓಡಿಸಿದರೆ ಚೀಲದೊಳಗಿನ ರಬ್ಬರ್ ತುಂಡು ಆಕ್ಸಲಿಗೆ ಬಡಿಯುತ್ತದೆ, ಟೈರು ಮೇಲಿನ ತಗಡಿಗೆ ಉಜ್ಜುತ್ತದೆ. ಅವನು ಹಾರ್ನು ಹೊಡೆದು ಎಲ್ಲರನ್ನೂ ಕರೆಯುವುದು, ನನ್ನ ಹೆಂಡತಿ ಕಾಫಿ ಸೋಸುವುದು, ಗಾಡಿ ಏಳುವುದು, ಮೂರೂ ಒಂದೇ ಹೊತ್ತಿಗೆ ಮುಗಿಯುತ್ತಿತ್ತು.

ನಾವು ವಾಪಸು ಬಂದ ಮೇಲೆ ಮಗಳು ಬಸುರಿಯಾದಳು, ಮೋಟಾರ್‌ಹೋಮ್ ಮಾರಾಟಕ್ಕೆ ಬಂತು. ಕೊಳ್ಳಲು ಬಂದವನು ಒಕ್ಲಹೋಮದ ರೈತ. ಗಾಡಿ ರಾತ್ರಿ ಎಷ್ಟು ಕೂರುತ್ತದೆ ಅಂತ ಅವನು ಕೇಳಿದ್ದಕ್ಕೆ ಅಳಿಯ ನನಗೆ ಫೋನು ಹಚ್ಚಿ ಕೈಗೆ ಕೊಟ್ಟುಬಿಟ್ಟ. ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ವಾಕಿಂಗ್ ಮಾಡುತ್ತಿದ್ದವನು ಕಲ್ಲು ಬೆಂಚಿನ ಮೇಲೆ ಕೂತು, ಆರು ಚೀಲದ ಕಥೆಯನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗಾಡಿ ಕೊಂಡ, ನನ್ನ ನಂಬರನ್ನೂ ಬರೆದುಕೊಂಡ. ಆಮೇಲೊಮ್ಮೆ ನಮ್ಮ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ. ನಿಮ್ಮೂರನ್ನು ಮ್ಯಾಪಿನಲ್ಲಿ ನೋಡಿದೆ, ಹಕ್ಕಿಗಳಿಗೆಂದೇ ಕಾಯ್ದಿಟ್ಟ ಕೆರೆಯಂತೆ ಅಂತ ಸಂತೋಷಪಟ್ಟ. ಅವನು ನೋಡಿದ್ದು ಯಲಹಂಕದ ಪುಟ್ಟೇನಹಳ್ಳಿ. ನಮ್ಮ ಮನೆಗೆ ಬರಬೇಕಾದ ಟ್ಯಾಕ್ಸಿಗಳೂ ಅಲ್ಲಿಗೇ ಹೋಗುವುದುಂಟು. ಅದು ಊರಿನ ಆ ತುದಿ, ನಮ್ಮದು ಈ ತುದಿ, ನಮ್ಮ ಕೆರೆಯಲ್ಲೂ ಹಕ್ಕಿಗಳಿವೆ, ಅಕ್ಕಪಕ್ಕದವರೇ ಟ್ರಸ್ಟು ಕಟ್ಟಿಕೊಂಡು 2010ರಿಂದ ನೋಡಿಕೊಳ್ಳುತ್ತಿದ್ದಾರೆ ಅಂದೆ. ಎಲ್ಲ ಕೇಳಿ, ಬ್ರೇಕ್ ಒತ್ತಿದಾಗೆಲ್ಲ ವಾಲ್ವು ತೊದಲುತ್ತಿದೆ, ಏನು ಮಾಡಲಿ ಅಂದ. ಡ್ರೈಯರ್ ಬದಲಿಸಿದ್ದೀಯಾ ಅಂತ ಕೇಳಿದೆ. ಯಾವ ಡ್ರೈಯರ್ ಅಂದ.